ಎರಡು ಸೈಕಲ್ಲು, ಒಂದು ಸೊಂಟ

ಸೊಂಟ ನೋವಿನವನಿಗೆ ಸೈಕಲ್ಲಿನ ಚಪಲ ಹತ್ತಬಾರದು. ಹತ್ತಿದರೂ ಅಕ್ಕಪಕ್ಕದವರಿಗೆ ತಿಳಿಯಬಾರದು. ಧಾರವಾಡದಿಂದ ಬಂದು ಲಂಡನ್ನಿನ ರೇನರ್ಸ್ ಲೇನಿನಲ್ಲಿ ಮನೆ ಮಾಡಿದ್ದ ರುದ್ರೇಶ ಎರಡೂ ತಪ್ಪು ಮಾಡಿದ. ಭಾನುವಾರಗಳಂದು ಕಾಡುದಾರಿಯಲ್ಲಿ ಸೈಕಲ್ ಹೊಡೆಯಬೇಕೆಂಬುದು ಅವನ ಬಹುದಿನದ ಆಸೆ. ಪಕ್ಕದ ಪಿನ್ನರಿನ ಸೈಕಲ್ ಅಂಗಡಿಯವನು ಎರಡು ಮೌಂಟನ್ ಬೈಕುಗಳನ್ನು ಸಂಜೆಯವರೆಗೆ ಓಡಿಸಿ ನೋಡಲು ಕೊಟ್ಟಿದ್ದ. ಒಂದು ಉಕ್ಕಿನದು, ಇನ್ನೊಂದು ಅಲ್ಯುಮಿನಿಯಂ. ಯಾವುದಕ್ಕೆ ಪೆಟ್ಟು ಬಿದ್ದರೂ ಅದನ್ನು ಅವನೇ ಕೊಳ್ಳಬೇಕೆಂದು ಕರಾರು. ಎರಡಕ್ಕೂ ಸ್ಪ್ರಿಂಗ್ ಇದ್ದದ್ದು ಮುಂದೆ ಮಾತ್ರ. ಹಿಂದಿನ ಕುಲುಕಾಟವನ್ನು ಫ್ರೇಮು ತಡೆಯಬೇಕು, ಇಲ್ಲವೇ ಕೂತವನ ಸೊಂಟ ತಡೆಯಬೇಕು.

ಹಿಂದಿನ ಓಣಿಯ ಒಡಕು ಕಾಂಕ್ರೀಟಿನ ಮೇಲೆ ಎರಡನ್ನೂ ಓಡಿಸಿದ. ಅಲ್ಯುಮಿನಿಯಂ ಹಗುರ, ಕೊಳವೆ ದಪ್ಪ, ಬೆಸುಗೆಯೂ ದಪ್ಪ. ತುಳಿದೊಡನೆ ಚಂಗನೆ ಹಾರುತ್ತಿತ್ತು, ಆದರೆ ಒಂದೊಂದು ಕಲ್ಲಿನ ಸಮಾಚಾರವನ್ನೂ ಸೊಂಟಕ್ಕೆ ತಲುಪಿಸುತ್ತಿತ್ತು. ಉಕ್ಕಿನದು ತುಸು ಭಾರ, ಕೊಳವೆ ತೆಳ್ಳಗೆ. ಗುಂಡಿ ಬಂದಲ್ಲಿ ನುಲಿಯ ಹೊರಸಿನಂತೆ ಸ್ವಲ್ಪ ಜಗ್ಗುತ್ತಿತ್ತು. ಇದೇ ಸೈ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಅಷ್ಟರಲ್ಲಿ ಎದುರುಮನೆಯ ಡಾಕ್ಟರ್ ಶೇಷಾದ್ರಿ ಬಂದರು. ಮೈಸೂರಿನವರು, ಮೂಳೆ ವೈದ್ಯರು. ಸೊಂಟದ ವಿಷಯದಲ್ಲಿ ಅವರೆದುರು ಬಾಯಿ ತೆರೆಯುವವರಾರು? ಉಕ್ಕಿನ ಸೈಕಲ್ ಹತ್ತಿ ಎರಡು ಸುತ್ತು ಹೊಡೆದರು. ಸಾಲದೆಂದು ಮೂರನೆಯ ಸುತ್ತನ್ನೂ ಹೊಡೆದು ಇಳಿದರು.

"ಇದು ಬೇಡ ರುದ್ರೇಶ್. ಮೆತ್ತಗಿನ ಹಾಸಿಗೆ ಬೆನ್ನಿಗೆ ಆಗಲ್ಲ, ಇದೂ ಹಾಗೇನೇ. ಸಾಲದ್ದಕ್ಕೆ ಈ ಊರಿನ ಮಳೇಲಿ ತುಕ್ಕು ಬೇರೆ ಹಿಡಿಯುತ್ತೆ."

"ಆದ್ರ ಸರ, ಅಲ್ಯುಮಿನಿಯಂ ಭಾಳ ಎತ್ತಿ ಒಗೀತದ್ರಿ."

"ಎರಡು ದಿನ, ಆಮೇಲೆ ಅಭ್ಯಾಸ ಆಗುತ್ತೆ. ಅದರ ಫ್ರೇಮ್ ನೋಡಿ, ಬಂಡೆಗಲ್ಲು! ಅಂದ ಹಾಗೆ, ಯಾವ ಅಂಗಡಿ ಅಂದ್ರಿ?"

ರುದ್ರೇಶ ಅಂಗಡಿಯ ಹೆಸರು ಹೇಳಿ, ಒಪ್ಪಿದವನಂತೆ ತಲೆಯಾಡಿಸಿದ. ಡಾಕ್ಟರು ಹೇಳಿದರೇನು, ಉಕ್ಕಿನದೇ ತನಗೆ ಎಂದುಕೊಂಡು ಚಹಾ ಕುಡಿಯಲು ಒಳಗೆ ಹೋದ.

ಹೊರಗೆ ಬರುವಷ್ಟರಲ್ಲಿ ಅಲ್ಯುಮಿನಿಯಂ ಸೈಕಲ್ಲಿಗೆ ಕುಂಕುಮ ಬಿದ್ದಿತ್ತು, ಗಾಲಿಯ ಕೆಳಗೆ ನಿಂಬೆಹಣ್ಣು ಕೂತಿತ್ತು. ಬೇಲಿಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ವಿಜಾಪುರದ ನಾಗವ್ವ ತೆಂಗಿನಕಾಯಿ ಎತ್ತಿ ಹಿಡಿದು ನಿಂತಿದ್ದರು.

"ಕಾಕೂ, ತಡೀರಿ!"

"ಹೊಸಾ ಗಾಡಿಗೆ ಕಾಯಿ ಒಡೀಲಾರ್ದ ಹತ್ತತಾರೇನೋ ತಮ್ಮಾ? ಈ ಊರಾಗ ಒಂದು ಕಲ್ಲ ಸಿಗಂಗಿಲ್ಲ. ರಸ್ತಾದಾಗ ಒಡದ್ರ ಕೌನ್ಸಿಲ್‌ನವ್ರು ದಂಡ ಹಾಕ್ತಾರಂತ ಮಗ ಅಂಜಿಸ್ಯಾನ. ಇದು ಬಂಡೆಗಲ್ಲು ಅಂತ ಡಾಕ್ಟರ್ರ ಹೇಳ್ಯಾರಲ್ಲ!"

ಟಣ್ಣೆಂದಿತು. ಕಾಯಿ ಒಡೆಯಲಿಲ್ಲ. ಮೇಲಿನ ಕೊಳವೆಯಲ್ಲಿ ಇಡ್ಲಿ ತಟ್ಟೆಯ ಕುಳಿಯಂಥ ಗುಂಡಿ ಬಿತ್ತು.

ಎರಡನ್ನೂ ಕಾರಿಗೆ ಕಟ್ಟಿಕೊಂಡು ಹೋದ ರುದ್ರೇಶನಿಗೆ ಅಂಗಡಿಯವನು ಗುಂಡಿಯನ್ನು ತೋರಿಸಿ ಕರಾರು ನೆನಪಿಸಿದ. ಹಾಳಾಗಿ ಹೋಗಲಿ, ಎರಡನ್ನೂ ಕೊಳ್ಳುತ್ತೇನೆಂದು ರುದ್ರೇಶ ಹಟ ಹಿಡಿದ. ಅಂಗಡಿಯವನು ಅಡ್ಡಡ್ಡ ತಲೆಯಾಡಿಸಿದ. ಉಕ್ಕಿನದು ಇದ್ದದ್ದು ಅದೊಂದೇ, ಮಧ್ಯಾಹ್ನ ಯಾರೋ ಫೋನಿನಲ್ಲೇ ಕೊಂಡುಬಿಟ್ಟಿದ್ದರು. ರುದ್ರೇಶನಿಗೆ ಅಳುವೇ ಬಂತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಶೇಷಾದ್ರಿ ಒಳಗೆ ಬಂದು ಉಕ್ಕಿನ ಸೈಕಲ್ಲಿನ ಹ್ಯಾಂಡಲ್ಲು ಹಿಡಿದರು.

"ಏನ್ ಮಾಡೋದು ರುದ್ರೇಶ್, ನನ್ನ ಬೆನ್ನು ಹಳೇದು, ಸ್ವಲ್ಪ ಜಗ್ಗೋದೇ ಬೇಕು. ನಿಮ್ಮದು ಎಳೇ ಬೆನ್ನು, ತಡ್ಕೊಳ್ಳುತ್ತೆ. ನಾಳೆ ಕಾಡಿಗೆ ಒಟ್ಟಿಗೇ ಹೋಗೋಣ. ನೋವು ಬಂದ್ರೆ ನಾನಿದ್ದೀನಲ್ಲ!"