ಮೆಸಾನಿನ ತೂಕ

ನೀಲಕಂಠಸ್ವಾಮಿ ಮೇಷ್ಟ್ರಿಗೆ ಆಪತ್ತು ತಂದದ್ದು ಕಣ್ಣಿಗೇ ಕಾಣದ ಒಂದು ಕಣ. ೧೯೫೭ರಲ್ಲಿ ಅವರು ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಹಂಗಾಮಿ ವಿಜ್ಞಾನದ ಮೇಷ್ಟ್ರು. ಕಾಯಂ ಮಾಡಬೇಕಾದವರು ಶಾಲಾ ಸಮಿತಿಯ ಅಧ್ಯಕ್ಷ, ಈರುಳ್ಳಿ ಮಂಡಿಯ ಚಿಕ್ಕಬಸವಯ್ಯ. "ಸಂತೆ ದಿನ ನಮ್ ಮಂಡಿಲೇ ಒಂದು ಭಾಷಣ ಮಾಡಿ. ರೈತರಿಗೆ ಅರ್ಥವಾದ್ರೆ ಕೆಲ್ಸ ಕಾಯಂ" ಎಂದಿದ್ದರು.

ಗೊಬ್ಬರದ ವಿಷಯ ಮಾತಾಡಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಮೈಸೂರಿನಿಂದ ತರಿಸಿದ ಪತ್ರಿಕೆಯಲ್ಲಿ ಮೆಸಾನ್ ಎಂಬ ಕಣದ ಬಗ್ಗೆ ಓದಿ, ಹೊಸ ಕೋಟು ತೊಟ್ಟ ಮದುಮಗನಂತೆ ಉಬ್ಬಿದ್ದರು. ಓದಿದ್ದರಲ್ಲಿ ಅರ್ಧ ತಮಗೇ ಅರ್ಥವಾಗಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಸಂತೆ ದಿನ ಮಂಡಿಯಲ್ಲಿ ಮೆಸಾನಿನ ಭಾಷಣ ಶುರುವಾಗಿ ಹತ್ತು ನಿಮಿಷಕ್ಕೆ ಮುಂದಿನ ಸಾಲು ಆಕಳಿಸಿತು, ಹಿಂದಿನ ಸಾಲು ಮೂಟೆಗಳಿಗೊರಗಿ ಗೊರಕೆ ಹೊಡೆಯಿತು. ಮೇಷ್ಟ್ರ ಗಂಟಲು ಒಣಗಿತು. ಮಂಡಿ ಗುಡಿಸುವ ಮಲ್ಲಮ್ಮ ಯಾರೂ ಹೇಳದೆಯೇ ಒಂದು ಲೋಟ ಮಜ್ಜಿಗೆ ತಂದು, ಲೋಟದ ತಳವನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಮಜ್ಜಿಗೆಯ ಧೈರ್ಯದಲ್ಲಿ ಮೇಷ್ಟ್ರು ಎರಡು ದಪ್ಪ ಈರುಳ್ಳಿ ಎತ್ತಿದರು. "ಇದು ಪ್ರೋಟಾನು, ಇದು ಅದರ ಎದುರಾಳಿ. ಇವೆರಡೂ ತಬ್ಬಿಕೊಂಡೇ ಮೆಸಾನ್ ಆಗಿದೆ ಅಂತ ಕೆಲವರ ಊಹೆ. ಸೋಜಿಗ ಏನಂದ್ರೆ, ಎರಡೂ ಸೇರಿದ ಮೇಲೆ ಒಂದರ ತೂಕವೂ ಇಲ್ಲ. ಅದರಲ್ಲೂ ಏಳನೇ ಒಂದು ಪಾಲು, ಅಷ್ಟೆ!"

ಗೊರಕೆ ನಿಂತಿತು. ಪುಟ್ಟಮಾದು ಎಂಬ ರೈತ ಎದ್ದ. "ಮಿಕ್ಕುದ್ದು ಎಲ್ಗೋಯ್ತು ಮೇಷ್ಟ್ರ?"

"ಕೂಡಿಕೊಳ್ಳುವಾಗ ಶಕ್ತಿಯಾಗಿ ಹೊರಗೆ ಹೋಗ್ತದೆ."

"ಯಾರ ಮನಗ ಓಯ್ತದ ಅಂತ ನಮ್ಗ ಗೊತ್ತು ಬುಡಿ!" ಪಕ್ಕದಲ್ಲಿದ್ದ ದೊಡ್ಡಮಾದಯ್ಯ ತೊಡೆ ತಟ್ಟಿದ. "ಮನಲಿ ತೂಗುದ್ರ ಎಲ್ಡು ಮೂಟ, ಈ ತಕ್ಕಡಿಗ ಇಟ್ರ ಒಂದೂವರ! ನಾವು ವಾರವಾರವೂ ಮೆಸಾನ್ ನೋಡ್ತಾವಿ ಕಣ್ಲಾ!"

ಮಂಡಿಯ ಹೆಂಚು ಹಾರುವಂತೆ ನಗು. ಚಿಕ್ಕಬಸವಯ್ಯನವರ ಮುಖ ಒಣಮೆಣಸಿನಕಾಯಿಯಾಗಿತ್ತು. ಇಡೀ ಸಭೆಗೆ ಅರ್ಥವಾಗುವಂತೆ ಪಾಠ ಮಾಡಿದ್ದು ಜನ್ಮದಲ್ಲಿ ಇದೇ ಮೊದಲು, ಅದೂ ಕೆಲಸ ಕಳೆದುಕೊಳ್ಳಲು ಎಂದುಕೊಂಡ ಮೇಷ್ಟ್ರು, ಮನಸ್ಸಿನಲ್ಲೇ ಹಾಸಿಗೆ ಸುತ್ತತೊಡಗಿದರು.

ಜನ ಚದುರಿದ ಮೇಲೆ ಚಿಕ್ಕಬಸವಯ್ಯ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಕೆಲ್ಸ ಕಾಯಂ, ಮೇಷ್ಟ್ರೇ."

ಮೇಷ್ಟ್ರ ಕಣ್ಣು ತುಂಬಿತು. "ನಾಳೆ ಬೇಗನೇ ಶಾಲೆಗೆ ಹೋಗ್ತೀನಿ, ಸ್ವಾಮಿ."

"ಶಾಲೆಗ್ಯಾಕೆ? ಇಲ್ಲಿಗ್ ಬನ್ನಿ. ತೂಕ ಯಾಕೆ ಕಮ್ಮಿ ಅಂತ ಕೇಳುದ್ರೆ ಇಷ್ಟು ವರ್ಷ ನನಗೆ ಉತ್ತರವೇ ಹೊಳೀತಿರ್ನಿಲ್ಲ. ಇನ್ಮೇಲೆ ತಕ್ಕಡಿ ಪಕ್ಕ ನಿಂತ್ಕೊಂಡು ನೀವೇ ಯೋಳಿ!"