ಉಪ್ಪುನೀರಿಗೊಂದು ಲೋಟ

ದೂರ ಇರುವವರನ್ನು ನೆನೆಯಲು ಎಲ್ಲರಿಗೂ ಏನಾದರೊಂದು ನೆಪ ಬೇಕು. ಕೆಲವರಿಗೆ ಮಳೆ, ಕೆಲವರಿಗೆ ಹಳೆಯ ಹಾಡು. ನನಗೆ ತಗಡು. ನಗಬೇಡಿ. ಕೋಡಿಬಾಗದಲ್ಲಿ ಸ್ಟೀಲ್ ತಗಡನ್ನು ಪ್ರೆಸ್ಸಿಗೆ ಕೊಟ್ಟು ಪಂಪಿನ ಮುಚ್ಚಳ ಒತ್ತುವ ಶೆಡ್ಡೊಂದರಲ್ಲಿ ನಾನು ಮಾಲು ಪರೀಕ್ಷಿಸುವವಳು. ನಮ್ಮವರು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾರೆ. ಒಂಬತ್ತು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಇದು ನನಗೆ ಎಂದೂ ಒಗ್ಗಿಲ್ಲ. ಸಂಜೆ ಹಣಕೋಣದ ಮನೆಗೆ ಬಂದು ಒಬ್ಬಳಿಗೇ ಬಂಗಡೆ ಹುರಿಯುವಾಗ, 'ಹಡಗು ಬಿಟ್ಟು ಬಂದುಬಿಡಿ' ಎಂದು ಒಲೆಗೆ ಹೇಳಿದ್ದೇನೆ, ಬೆಕ್ಕಿಗೆ ಹೇಳಿದ್ದೇನೆ. ಅವರಿಗೆ ಮಾತ್ರ ಹೇಳಿಲ್ಲ. ಬಿಂಕ, ಇನ್ನೇನು!

ಒಂದು ದಿನ ಫೋನಿನಲ್ಲಿ ಅವರು, "ಇಲ್ಲಿ ಉಪ್ಪುಗಾಳಿಗೆ ನನ್ನ ಚಾ ಲೋಟಕ್ಕೂ ತುಕ್ಕು ಬಂತೇ ಮಾರಾಯ್ತಿ" ಎಂದರು. ನನಗೆ ಅಷ್ಟೇ ಸಾಕಾಯಿತು. ನಮ್ಮ ಶೆಡ್ಡಿಗೆ ಡ್ಯೂಪ್ಲೆಕ್ಸ್ ಎಂಬ ತಗಡು ಬರುತ್ತದೆ, ಸಮುದ್ರದ ನೀರಿಗೂ ಜಗ್ಗದ್ದು. ಫೋರ್‌ಮನ್ ಗಣಪತಿಯಣ್ಣನನ್ನು ಕಾಡಿ ಬೇಡಿ, ಗುಜರಿಗೆ ಹೋಗಲಿದ್ದ ನಾಲ್ಕು ತುಂಡು ಇಸಿದುಕೊಂಡೆ.

"ತಂಗೀ, ಇದು ಪಾತ್ರೆ ಅಂಗಡಿ ತಗಡಲ್ಲ. ಇದ್ರ ಒಳಗೆ ಎರಡು ನಮೂನಿ ಹರಳು, ಅರ್ಧಕ್ಕರ್ಧ. ಗಟ್ಟಿ ಜೀವ. ಲೋಟ ಆಗೂದು ಕಷ್ಟ" ಎಂದ ಅಣ್ಣ.

ನಾನು ಕೇಳಬೇಕಲ್ಲ! ಪ್ರೆಸ್ಸಿಗೆ ಕೊಟ್ಟ ಮೊದಲನೆಯ ತುಂಡಿನ ತಳವೇ ಹರಿಯಿತು. ಎರಡನೆಯದು ಪಕ್ಕದಲ್ಲಿ ಸೀಳಿತು. ಮೂರನೆಯದು ನಿಂತಿತು, ಆದರೆ ಅಂಚಿನಲ್ಲಿ ನಾಲ್ಕು ಕಿವಿ ಎದ್ದವು, ಕತ್ತರಿಸಿದರೆ ಲೋಟವೇ ಉಳಿಯದಷ್ಟು ಉದ್ದ. ಕಾರ್ಖಾನೆಯ ರೋಲರಿನಡಿ ಉರುಳಿ ಬರುವಾಗ ತಗಡಿನೊಳಗಿನ ಕಣ್ಣಿಗೆ ಕಾಣದ ಹರಳುಗಳೆಲ್ಲ ಬಾಚಿದ ಕೂದಲಿನಂತೆ ಒಂದು ಕಡೆಗೆ ವಾಲಿಕೊಳ್ಳುತ್ತವೆ. ಆಮೇಲೆ ನೀವು ಎಷ್ಟೇ ದುಂಡಗೆ ಕತ್ತರಿಸಿ ಒತ್ತಿದರೂ ಅದು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹಿಗ್ಗುತ್ತದೆ, ಅಂಚು ಏರುಪೇರಾಗುತ್ತದೆ. ಅದಕ್ಕೆ ನಾವು ಕಿವಿ ಎನ್ನುತ್ತೇವೆ. ಕಿವಿಯಿದ್ದೂ ಮಾತು ಕೇಳದವಳು ನಾನೊಬ್ಬಳೇ ಎಂದು ನಮ್ಮತ್ತೆ ಹೇಳುತ್ತಿದ್ದರು, ಪಾಪ, ಅವರಿಗೆ ತಗಡಿನ ವಿಷಯ ಗೊತ್ತಿರಲಿಲ್ಲ.

ಕೊನೆಯ ತುಂಡಿಗೆ ಎಣ್ಣೆ ಧಾರಾಳ ಬಳಿದು, ಎರಡು ಸಲಕ್ಕೆ ಸ್ವಲ್ಪ ಸ್ವಲ್ಪವೇ ಒತ್ತಿ, ಎದ್ದ ಕಿವಿ ಕತ್ತರಿಸಿ, ಅಂಚು ಉಜ್ಜಿದೆ. ವಾರದ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಅವರಿಗೆ ಚುಚ್ಚಬಾರದಲ್ಲ ಎಂದು ಅಂಚನ್ನು ತುಟಿಗೆ ತಾಗಿಸಿ ನೋಡುತ್ತಿದ್ದೆ. ಯಾರೂ ಇಲ್ಲದಾಗ ಇನ್ನೊಮ್ಮೆ ತಾಗಿಸುತ್ತಿದ್ದೆ. ಅವರು ಅಷ್ಟು ನೆನಪಾಗುತ್ತಿದ್ದರು.

ಅವರು ಬಂದ ದಿನ ಅದರಲ್ಲೇ ಚಹಾ ಕೊಟ್ಟು, ನನ್ನ ಸಾಹಸವನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂಕೋಲೆಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡೂ ಕಡೆ ಕೆಲ್ಸ ಅದೆ ಅಂದಿದ್ರು. ನಿನ್ನ ಕೇಳಿ ಹೂಂ ಅನ್ನೂದು ಅಂತ ಮಾಡಿದ್ದೆ" ಎಂದರು. ಲೋಟದ ಅಂಚಿನ ಮೇಲೆ ಬೆರಳಾಡಿಸಿ, "ನೀನು ನೋಡಿರೆ ಹಡಗಿಗೆ ಅಂತ್ಲೇ ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದೆ. ಅಡ್ಡಿಲ್ಲ, ನಾ ಹಡಗಿಗೇ ವಾಪಸ್ ಹೋಗ್ತೆ ಬಿಡು" ಎಂದರು.

ಹೋಗಬೇಡಿ ಎನ್ನಲು ಬಾಯಿ ತೆರೆದೆ.

"ಚಾ ಆರ್ತದೆ, ಕುಡೀರಿ" ಎಂದೆ.

ಕುಡಿದರು. ಲೋಟ ಭಾರಿ ಗಟ್ಟಿ ಅದೆ, ಎಷ್ಟು ವರ್ಷ ಬಾಳ್ತದೆ ಎಂದು ಕೇಳಿದರು. ತಗಡಿನ ಪ್ರಶ್ನೆಗೆ ನಾನು ಯಾವತ್ತೂ ತಡವರಿಸಿದವಳಲ್ಲ. "ಸಮುದ್ರದ ಮೇಲೆ ಇದ್ರೂ ನಿಮ್ಮ ಜನ್ಮಕ್ಕೆ ಸಾಕು" ಎಂದುಬಿಟ್ಟೆ.