ಮೊದಲು ಯಾರಿಗೆ ಫೋನ್?

ನನ್ನ ಹೆಂಡತಿ ಬೆಟ್ಟ ಹತ್ತುವುದರ ಬಗ್ಗೆ ನನ್ನ ತಕರಾರೇನೂ ಇಲ್ಲ. ನನ್ನದು ಕನ್ನಡಕದ ಅಂಗಡಿ. ಭಾನುವಾರ ಬಾಗಿಲು ಹಾಕಿ ಮಲಗುವುದು ನನ್ನ ಧರ್ಮ, ಬೆಳಕು ಹರಿಯುವ ಮೊದಲೇ ಬೂಟು ಕಟ್ಟಿಕೊಂಡು ಹೊರಡುವುದು ಅವಳ ಧರ್ಮ. ಹೀಗೆ ಸರ್ವಧರ್ಮ ಸಮನ್ವಯದಿಂದ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಹುಳಿ ಹಿಂಡಿದ್ದು ಹಲ್ಲಿನ ಡಾಕ್ಟರು.

ಇವರು ಅವಳ ಚಾರಣದ ಗುಂಪಿನ ಹಿರಿಯರು. ಮೊಣಕಾಲು ಕೈಕೊಟ್ಟ ಮೇಲೆ (ಮೊಣಕಾಲು ಕೈಕೊಡುವುದನ್ನು ದಯವಿಟ್ಟು ಊಹಿಸಿಕೊಳ್ಳಬೇಡಿ) ಬೆಟ್ಟ ಹತ್ತುವುದನ್ನು ಬಿಟ್ಟು, ಊರಿನಲ್ಲೇ ಕೂತು ನಕ್ಷೆ ಬಿಡಿಸಿ ದಾರಿ ಹೇಳುತ್ತಾರೆ. ವಯಸ್ಸು ಅರವತ್ತು ದಾಟಿದೆ. ತಲೆ ಬೋಳು. ಹೊಟ್ಟೆಕಿಚ್ಚಿಗೆ ಇದು ಯಾವುದೂ ಅಡ್ಡಿಯಲ್ಲ ಎಂಬುದು ನನ್ನ ಅನುಭವ. ನಮ್ಮ ಮನೆಯಲ್ಲಿ 'ಡಾಕ್ಟರು ಹೇಳಿದ್ರು' ಎಂಬುದು ವೇದವಾಕ್ಯವಾಗಿತ್ತು. ನಾನೂ ಕಣ್ಣು ಪರೀಕ್ಷೆ ಮಾಡುವವನೇ. ಆದರೆ 'ನಮ್ಮ ಮನೆಯವರು ಹೇಳಿದ್ರು' ಎಂದು ಅವಳು ಯಾರ ಮುಂದಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಒಂದು ದಿನ ಅವಳು ಸೋಪಿನ ಡಬ್ಬಿಯಷ್ಟು ಗಾತ್ರದ ಹಳದಿ ಯಂತ್ರವೊಂದನ್ನು ತಂದಳು. ಬೀಕನ್ ಅಂತೆ. ಅದನ್ನು ಚೀಲದ ಪಟ್ಟಿಗೆ, ಸರಿಯಾಗಿ ಎದೆಯ ಮೇಲೆ ಬರುವಂತೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಳು.

"ಯಾರು ಕೊಡಿಸಿದ್ದು?"

"ನಾನೇ ತಗೊಂಡೆ. ಡಾಕ್ಟರು ಹೇಳಿದ್ರು."

"ಏನು ಮಾಡುತ್ತೆ ಇದು?"

"ಕಾಡಲ್ಲಿ ಮೊಬೈಲ್ ಸಿಗಲ್ವಲ್ಲ ರೀ. ಬಿದ್ದು ಕಾಲು ಮುರೀತು ಅಂದ್ರೆ ಈ ಕೊಂಬು ಎತ್ತಿ ಗುಂಡಿ ಒತ್ತಬೇಕು. ಉಪಗ್ರಹಕ್ಕೆ ಸುದ್ದಿ ಹೋಗುತ್ತೆ. ರಕ್ಷಣಾ ಕೇಂದ್ರದವರು ನಾವು ಬರೆಸಿರೋರಿಗೆ ಫೋನ್ ಮಾಡಿ, ಇವರು ನಿಜವಾಗ್ಲೂ ಬೆಟ್ಟಕ್ಕೆ ಹೋಗಿದಾರಾ ಅಂತ ಕೇಳ್ಕೊಂಡು ಹುಡುಕೋಕೆ ಹೊರಡ್ತಾರೆ."

"ಮೊದಲು ಯಾರಿಗೆ ಮಾಡ್ತಾರೆ? ಯಾರ ಹೆಸರು ಬರೆಸಿದೀಯ?"

"ತಕ್ಷಣ ಫೋನ್ ಎತ್ತೋರ ಹೆಸರು ಬರೆಸಬೇಕಂತೆ," ಎಂದಳು ಬೂಟಿನ ಗಂಟು ಬಿಚ್ಚುತ್ತ. "ಡಾಕ್ಟರು ಹೇಳಿದ್ರು."

ಅಷ್ಟೇ. ಅವಳು ಸ್ನಾನಕ್ಕೆ ಹೋದಳು. ನಾನು ಕುರ್ಚಿಯಲ್ಲೇ ಬೆಂದೆ.

ಫೋನ್ ಎತ್ತುವ ವಿಷಯದಲ್ಲಿ ನನ್ನ ಕೀರ್ತಿ ಅಷ್ಟು ಒಳ್ಳೆಯದಲ್ಲ. ಗುರುತಿಲ್ಲದ ನಂಬರನ್ನು ನಾನು ಎತ್ತುವುದಿಲ್ಲ. ಸಾಲ ಬೇಕೇ ಎಂದು ಕೇಳುವವರ ಕಾಟ. ನಮ್ಮ ಮನೆಯಲ್ಲಿ ಫೋನ್ ಎತ್ತುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರಿಲ್ಲ. ಅವರಿಗೆ ಕಿವಿ ಮಂದ. ಆದರೂ ಮೊದಲ ಗಂಟೆಗೇ ಎತ್ತಿ, ಯಾರೇ ಇರಲಿ, "ಊಟ ಆಯ್ತಾ?" ಎನ್ನುತ್ತಾರೆ. ಒಮ್ಮೆ ರಾಂಗ್ ನಂಬರಿನವನೊಬ್ಬ ಅವರ ಹತ್ತಿರ ತನ್ನ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು ಅತ್ತಿದ್ದ. ಇವರು "ಒಳ್ಳೇದಪ್ಪ, ಒಳ್ಳೇದು" ಎಂದು ಹರಸಿದ್ದರು.

ಆದರೆ ಡಾಕ್ಟರ ಫೋನು ಸದಾ ಕೈಯಲ್ಲೇ. ಹಾಗಾದರೆ ನನ್ನ ಹೆಂಡತಿ ಪ್ರಪಾತಕ್ಕೆ ಬಿದ್ದರೆ ಜಗತ್ತಿನಲ್ಲಿ ಮೊದಲು ತಿಳಿಯುವುದು ಯಾರಿಗೆ? ಒಂದು ಬೋಳುತಲೆಗೆ! ತಾಳಿ ಕಟ್ಟಿದವನಿಗೆ ಸುದ್ದಿ ಆಮೇಲೆ, ಸಾವಕಾಶವಾಗಿ! ಮತ್ತೆ ಕೇಳೋಣವೆಂದರೆ 'ನಿಮಗೆ ಅನುಮಾನವೇ?' ಎಂದುಬಿಟ್ಟರೆ? (ಅನುಮಾನ ಇರಲಿಲ್ಲ. ಖಚಿತವಾಗಿತ್ತು.)

ಆ ಶನಿವಾರ ಸಂಜೆ ಡಾಕ್ಟರು ನಕ್ಷೆಯ ಸುರುಳಿ ಹಿಡಿದು ನಮ್ಮ ಮನೆಗೇ ಬಂದರು. ಮರುದಿನದ ದಾರಿಯನ್ನು ಊಟದ ಮೇಜಿನ ಮೇಲೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಿರಲೆಂದು ಒಂದು ತುದಿಗೆ ನನ್ನ ಟೀ ಲೋಟ, ಇನ್ನೊಂದು ತುದಿಗೆ ತಮ್ಮ ಫೋನು ಇಟ್ಟರು. ಆ ಫೋನನ್ನು ಕಂಡದ್ದೇ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಗುಂಡಿ ಒತ್ತಿದರೆ ಯಾರ ಫೋನ್ ಬಡಿದುಕೊಳ್ಳುತ್ತದೋ ಅವರೇ ಕಳ್ಳರು!

ಬಾಗಿಲ ಬಳಿ ಇದ್ದ ಚೀಲದಿಂದ ಬೀಕನ್ ಬಿಚ್ಚಿಕೊಂಡು ತಾರಸಿಗೆ ಓಡಿದೆ. ಅದಕ್ಕೆ ತೆರೆದ ಆಕಾಶ ಬೇಕು ಎಂದು ಅವಳೇ ಹೇಳಿದ್ದಳು. ಸುಮ್ಮನೆ ಒತ್ತುವುದು ಅಪರಾಧ ಎಂದೂ ಹೇಳಿದ್ದಳು. ಆದರೆ ನಾನು ಸುಮ್ಮನೆ ಒತ್ತುತ್ತಿರಲಿಲ್ಲವಲ್ಲ! ಕೊಂಬೆತ್ತಿದೆ, ಗುಂಡಿ ಒತ್ತಿದೆ, ದೀಪ ಮಿನುಗಿತು. ನೀರಿನ ಟ್ಯಾಂಕಿನ ಮೇಲೆ ಅದನ್ನು ಪ್ರತಿಷ್ಠಾಪಿಸಿ, ಕೆಳಗೆ ಬಂದು ಡಾಕ್ಟರ ಎದುರಿಗೇ ಕೂತೆ. ಅವರ ಫೋನಿನ ಮೇಲೆ ನೆಟ್ಟ ದೃಷ್ಟಿ ಕೀಳಲಿಲ್ಲ.

"ಯಾಕ್ರೀ ಹಂಗೆ ಬೆವರ್ತಿದೀರಿ?" ಎಂದಳು ಹೆಂಡತಿ.

"ಸೆಖೆ."

ಸ್ವಲ್ಪ ಹೊತ್ತಿಗೆ ನನ್ನ ಜೇಬು ನಡುಗಿತು. ಗುರುತಿಲ್ಲದ ನಂಬರು. ಇಂಥ ಐತಿಹಾಸಿಕ ಗಳಿಗೆಯಲ್ಲೂ ಸಾಲದವರ ಪೀಡೆ! ಕತ್ತರಿಸಿದೆ. ಮತ್ತೆ ಬಂತು. ಮತ್ತೆ ಕತ್ತರಿಸಿದೆ.

"ಎತ್ತಿ ಸಾರ್," ಎಂದರು ಡಾಕ್ಟರು. "ಏನಾದರೂ ಅರ್ಜೆಂಟ್ ಇರಬಹುದು."

"ನನಗ್ಯಾವ ಅರ್ಜೆಂಟೂ ಇಲ್ಲ," ಎಂದು ಮೂರನೆಯದನ್ನೂ ಕತ್ತರಿಸಿದೆ.

ಆಗ ಬಂತು ನೋಡಿ ಆ ಗಳಿಗೆ. ನಕ್ಷೆಯ ತುದಿಯಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು.

"ಹೌದು, ಗೊತ್ತು... ಏನು? ಅಪಾಯದಲ್ಲಾ? ಇಲ್ಲಪ್ಪ, ಅವರು ನನ್ನ ಎದುರಿಗೇ ಟೀ ಕುಡೀತಾ ಕೂತಿದಾರಲ್ಲ!"

ನಾನು ಎದ್ದು ನಿಂತೆ. ಮೇಜು ಗುದ್ದಿದೆ. ನನ್ನ ಟೀ ನಕ್ಷೆಯ ಮೇಲೆ ಹರಿದು ಒಂದು ಕಣಿವೆಯನ್ನು ತುಂಬಿತು.

"ಸಿಕ್ಕಿಬಿದ್ದಿರಿ! ನನ್ನ ಹೆಂಡತಿಗೆ ಆಪತ್ತು ಅಂದ್ರೆ ನಿಮಗ್ಯಾಕೆ ಸ್ವಾಮಿ ಫೋನ್ ಬರಬೇಕು? ಹೇಳಿ! ನನಗ್ಯಾಕೆ ಬರಲಿಲ್ಲ?"

ಡಾಕ್ಟರು ಫೋನಿನ ಸ್ಪೀಕರ್ ಒತ್ತಿದರು. ಹೆಣ್ಣುದನಿಯೊಂದು ಶಾಂತವಾಗಿ ಹೇಳಿತು: "ನೀವು ಎರಡನೆಯವರು ಸರ್. ಮೊದಲ ಹೆಸರು ಅವರ ಗಂಡನದು. ಮೂರು ಸಲ ಮಾಡಿದೆವು, ಮೂರು ಸಲವೂ ಕತ್ತರಿಸಿದರು. ಅವರೂ ಅಪಾಯದಲ್ಲಿರಬಹುದೇ ಅಂತ ನಮಗೆ ಅನುಮಾನ."

ಹೆಂಡತಿ ನನ್ನ ಕಡೆ ತಿರುಗಿದಳು. "ಇಷ್ಟು ಹೊತ್ತು ಇರಲಿಲ್ಲಮ್ಮ," ಎಂದಳು ಫೋನಿಗೆ. "ಈಗ ಇದ್ದಾರೆ."

ತಾರಸಿಯಿಂದ ಬೀಕನ್ ತಂದು ಆರಿಸಿದ್ದಾಯಿತು. ಗುಂಡಿ ಒತ್ತಿದ್ದು ಯಾಕೆ ಎಂದು ಕೇಂದ್ರದಾಕೆ ಕೇಳಿದಾಗ ನಾನು ಡಾಕ್ಟರ ಎದುರಿಗೇ ಕಾರಣ ಹೇಳಬೇಕಾಯಿತು. ಆಕೆ "ಜೀಪು ಹೊರಟಾಗಿತ್ತು, ವಾಪಸ್ ಕರೆಸುತ್ತೇವೆ," ಎಂದಷ್ಟೇ ಹೇಳಿದಳು. ಡಾಕ್ಟರು ನೆನೆದ ನಕ್ಷೆಯನ್ನು ಹಿಂಡಿ, ನಗು ತಡೆಯಲು ತಮ್ಮ ಹಲ್ಲುಗಳನ್ನೇ ಕಚ್ಚಿಕೊಂಡು ಹೊರಟರು.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮ ಹೆಸರು ಬೇಡ, ನೀವು ಎತ್ತಲ್ಲ ಅಂತ ಡಾಕ್ಟರು ಹೇಳಿದ್ರು," ಎಂದಳು. "ನಾನೇ ಹಟ ಹಿಡಿದು ಬರೆಸಿದೆ. ಏನಾದ್ರೂ ಆದ್ರೆ ಮೊದಲು ಗೊತ್ತಾಗಬೇಕಾದ್ದು ನಿಮಗೆ ಅನ್ನಿಸ್ತು."

"ಈಗಲೂ ಹಾಗೇ ಇರಲಿ ಬಿಡೇ," ಎಂದೆ.

"ನೋಡೋಣ," ಎಂದಳು. ಸಂಸಾರಸ್ಥರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈಗ ಮೊದಲ ಹೆಸರು ಅತ್ತೆಯದು. ಎರಡನೆಯದು ಡಾಕ್ಟರದು. ಮೂರನೆಯವರಿಗೆ ಜಾಗ ಇಲ್ಲವಂತೆ. ನನ್ನ ಹೆಂಡತಿ ಪ್ರಪಾತಕ್ಕೆ ಬಿದ್ದರೆ ರಕ್ಷಣಾ ಕೇಂದ್ರದವರನ್ನು ಮೊದಲು ಊಟ ಆಯಿತೇ ಎಂದು ವಿಚಾರಿಸಲಾಗುತ್ತದೆ. ನಾನಂತೂ ಭಾನುವಾರ ಮಲಗುವುದನ್ನು ಬಿಟ್ಟಿದ್ದೇನೆ. ಫೋನನ್ನು ಕೈಯಲ್ಲೇ ಹಿಡಿದು ಕೂತು, ಯಾವ ನಂಬರು ಬಂದರೂ ಮೊದಲ ಗಂಟೆಗೇ ಎತ್ತುತ್ತೇನೆ.

"ಸರ್, ಸಾಲ ಬೇಕಾ?" ಎನ್ನುತ್ತಾರೆ.

"ಅದಿರಲಿ," ಎನ್ನುತ್ತೇನೆ. "ನನ್ನ ಹೆಂಡತಿ ಕ್ಷೇಮವಾಗಿದ್ದಾಳಾ?"